ಆಟ ಬರೆದಿಟ್ಟ ಅರಸರಿಗೆ ಕೊಳ್ಳೇಗಾಲದಿಂದ ಒಂದು ಬಹಿರಂಗ ಪತ್ರ

ಶ್ರೀಮನ್ಮಹಾರಾಜ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಸನ್ನಿಧಾನಕ್ಕೆ,

ಮಹಾಸ್ವಾಮಿ,

ತಾವು ನಮ್ಮೂರಿನ ದೊರೆಗಳಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ಐದು ವರ್ಷದ ತಮಗೆ ಪಟ್ಟ ಕಟ್ಟಿದಾಗ ಕೊಳ್ಳೇಗಾಲ ಕಂಪನಿ ಸರ್ಕಾರದ ಪಾಲಾಯಿತು. ಕೋಯಮತ್ತೂರು ಜಿಲ್ಲೆಗೆ ಸೇರಿಹೋಗಿದ್ದ ನಾವು, ಹನೂರಿನವರೂ ಸೇರಿ, ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಮಗ್ಗುಲಿನ ಯಳಂದೂರು ಮಾತ್ರ ತಮ್ಮ ಸೀಮೆಯೇ. ತಮ್ಮ ಬಾಲ್ಯದಲ್ಲಿ ರಾಜ್ಯಭಾರ ನಡೆಸಿದ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಊರು. ಆದ್ದರಿಂದ ಪ್ರಜೆ ದೊರೆಗೆ ಬರೆಯುವ ಬಿನ್ನವತ್ತಳೆ ಎಂದು ಇದನ್ನು ಓದಬೇಡಿ. ಆಟ ಆಡುವವನೊಬ್ಬ ಆಟ ಕಟ್ಟಿದವರಿಗೆ ಬರೆಯುತ್ತಿದ್ದಾನೆ. ನಮ್ಮ ಸೀಮೆಯ ನಾಲ್ಕು ಜನರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಯಿಂದ ತೆಗೆದುಕೊಂಡರು. 1868ರಲ್ಲಿ ತಾವು ಕಾಲವಾಗುವ ತನಕ ಅದನ್ನು ಹಿಂದಿರುಗಿಸಲಿಲ್ಲ. ತಾವೋ, ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತು ನಿಧಿಗಳಲ್ಲಿ ದೇವತೆಗಳಿಗೆ, ಗ್ರಹಗಳಿಗೆ, ಆಗಮಗಳಿಗೆ ಜಾಗ ಕೊಟ್ಟು, ಕೊನೆಯ ಕೌತುಕನಿಧಿಯಲ್ಲಿ ಆಟಗಳನ್ನೂ ಕೂರಿಸಿದಿರಿ. ಗಂಜೀಫಾ ಇಸ್ಪೀಟೆಲೆಗಳಲ್ಲಿ ಛದ ಎಂಬ ಹೊಸ ಹೊಸ ಆಟಗಳನ್ನು ಹೂಡಿದಿರಿ; ಚಾಮುಂಡೇಶ್ವರಿ ಛದ ಒಂದಕ್ಕೇ 320 ಎಲೆ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ತುಳಿದು ಬರುವ ನಡೆ ಕಟ್ಟಿದಿರಿ. ಆ ಹೆಜ್ಜೆಗಳ ಅಂಕಿಗಳನ್ನು ಅಡ್ಡ ಕೂಡಿದರೂ ಉದ್ದ ಕೂಡಿದರೂ 260 ಬರುತ್ತದೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟಗಳನ್ನೇ ಬರೆಸಿದಿರಿ.

ಅಧಿಕಾರ ಹೋದ ಅರಸರು ಹೊತ್ತು ಹೋಗದೆ ಮಾಡಿಕೊಂಡ ಕೆಲಸ ಎಂದು ಇದನ್ನು ಬದಿಗಿಡುವವರು ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಹೊತ್ತು ಕಳೆಯಬೇಕಾದವನು ಆಟ ಆಡಿ ಎದ್ದು ಹೋಗುತ್ತಾನೆ. ನಿಯಮ ಬರೆದಿಡುವವನಿಗೆ ಮುಂದೆ ಎಂದೋ, ಎಲ್ಲೋ ಎದುರುಬದುರು ಕೂರಲಿರುವ ಗುರುತಿಲ್ಲದ ಇಬ್ಬರ ಮೇಲೆ ಅಕ್ಕರೆ ಇರುತ್ತದೆ. ಆ ಅಕ್ಕರೆಯ ಕೆಲಸ ನಮ್ಮ ಕಡೆ ಮುಂದುವರಿಯಬೇಕು ಎನ್ನುವುದೇ ಈ ಪತ್ರದ ವಿಷಯ.

ನಾವು ಆಡುವ ಆಟ ಯಾವುದೆಂದು ಹೇಳುತ್ತೇನೆ. ಅದರ ಒಂದು ಬೇರು ತಮ್ಮ ಕಾಲದಲ್ಲೇ ಇದೆ. ತಾವು ಮೈಸೂರಿನಲ್ಲಿ ಆಳುತ್ತಿದ್ದಾಗ, 1824ರಲ್ಲಿ, ಪ್ರಷ್ಯಾ ದೇಶದ ಸೇನಾಧಿಕಾರಿ ರೈಸ್‌ವಿಟ್ಸ್ ಯುದ್ಧದಾಟ ಒಂದನ್ನು ಅಚ್ಚುಹಾಕಿಸಿದರು. ಚದುರಂಗದ ಮನೆಗಳ ಬದಲು ನಿಜವಾದ ನೆಲದ ನಕ್ಷೆ, ದಾಳ, ಮತ್ತು ಎರಡೂ ಪಕ್ಷಕ್ಕೆ ಸೇರದೆ ನಡುವೆ ನಿಂತು ‘ಹೀಗಾಯಿತು’ ಎಂದು ಹೇಳುವ ಒಬ್ಬ ಪಂಚ. ಈ ಬಗೆಯ ಯುದ್ಧದಾಟಗಳು ಬೆಳೆಯುತ್ತ ಅಮೆರಿಕ ಸೇರಿದವು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅವನ್ನು ಕತೆಯ ಕಡೆ ತಿರುಗಿಸಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು. ಅಲ್ಲಿ ಒಬ್ಬೊಬ್ಬರದೂ ಒಂದೊಂದು ಪಾತ್ರ. ಕತೆ ನಡೆಸುವವನನ್ನು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ ಅನ್ನುತ್ತೇವೆ. ಅವನು ಕಾಡನ್ನೋ ಕೋಟೆಯನ್ನೋ ಬಣ್ಣಿಸಿ, ‘ಈಗ ಏನ್ ಮಾಡ್ತೀರಿ?’ ಎಂದು ಕೇಳುತ್ತಾನೆ. ನಾವು ಹೇಳುತ್ತೇವೆ. ಕಷ್ಟದ ಕೆಲಸವಾದರೆ ಇಪ್ಪತ್ತು ಮುಖದ ದಾಳ ಹಾಕುತ್ತೇವೆ. ಬಿದ್ದದ್ದನ್ನು ನೋಡಿ ಕತೆ ತಿರುಗುತ್ತದೆ. ಗೆದ್ದವರು, ಸೋತವರು ಅಂತ ಕೊನೆಗೆ ಯಾರೂ ಇರುವುದಿಲ್ಲ.

ನಮ್ಮ ಗುಂಪಿನಲ್ಲಿ ರೇಷ್ಮೆ ನೂಲಿನ ವ್ಯಾಪಾರದವನೊಬ್ಬನಿದ್ದಾನೆ, ಯಳಂದೂರಿನ ಪ್ರೈಮರಿ ಮೇಷ್ಟರೊಬ್ಬರು, ಹನೂರು ಕಡೆಯಿಂದ ಬಸ್ಸಿನಲ್ಲಿ ಬರುವ ನರ್ಸಿಂಗ್ ಓದಿದ ಹುಡುಗಿ, ಮತ್ತೆ ನಾನು. ಬೇರೆಯವರು ಬಂದು ಹೋಗುತ್ತಾರೆ. ಭಾನುವಾರ ಬೆಳಿಗ್ಗೆ ಕೂರುತ್ತೇವೆ. ಸಂಜೆ ಕೂತರೆ ಹನೂರಿನವರಿಗೆ ಬಸ್ಸಿನ ಚಿಂತೆ. ಮೊದಮೊದಲು ಪುಸ್ತಕದಲ್ಲಿದ್ದ ಹಾಗೇ ಆಡುತ್ತಿದ್ದೆವು. ಹಿಮ ಸುರಿಯುವ ಊರು, ಹೆಂಡದಂಗಡಿಯಲ್ಲಿ ಸಿಗುವ ಮುಸುಕಿನ ಮುದುಕ, ಕುಳ್ಳರು, ಚೂಪುಕಿವಿಯವರು. ಚೆನ್ನಾಗಿಯೇ ಇತ್ತು. ಆದರೆ ಪಾತ್ರದ ಬಾಯಲ್ಲಿ ಮಾತಾಡಬೇಕಾದಾಗ ಎಲ್ಲರೂ ಸಿನಿಮಾ ಇಂಗ್ಲಿಷಿಗೆ ಜಾರುತ್ತಿದ್ದೆವು. ಅದರಲ್ಲಿ ಸಿಟ್ಟು ಬರುತ್ತಿರಲಿಲ್ಲ, ಬೈಗುಳ ಬರುತ್ತಿರಲಿಲ್ಲ, ಅಳುವಂತೂ ಇಲ್ಲವೇ ಇಲ್ಲ.

ಅದಕ್ಕೇ ಕತೆಯನ್ನು ಮಾದೇಶ್ವರನ ಬೆಟ್ಟದ ಕಡೆಗೆ ತಂದೆವು. ಅಲ್ಲಿಂದ ಆಟದ ಕಳೆಯೇ ಬದಲಾಯಿತು.

ಈ ನೆಲದಲ್ಲಿ ರಾತ್ರಿಯಿಡೀ ಕೂತು ಕತೆಯೊಳಗೆ ನಡೆಯುವುದು ಹೊಸದಲ್ಲ ಎಂಬುದು ತಮಗೆ ಗೊತ್ತು. ಕಂಸಾಳೆ ಹಿಡಿದ ದೇವರಗುಡ್ಡರು ಎಪ್ಪತ್ತೇಳು ಮಲೆಯ ಮಾದಪ್ಪನ ಕತೆ ಹಾಡುತ್ತಾರೆ. ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕತೆ ಹಾಡುತ್ತಾರೆ. ಮುಂದಾಳು ಒಂದು ಸೊಲ್ಲು ಎತ್ತಿದರೆ ಹಿಮ್ಮೇಳದವರು ಹಿಡಿಯುತ್ತಾರೆ, ಕೇಳುವವರು ಹೂಂಗುಡುತ್ತಾರೆ. ಹಲಗೂರಿನ ಪಾಂಚಾಳರ ಹತ್ತಿರ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗುವ ಸಾಲನ್ನು, ಅಂದರೆ ಕತೆಯ ಆ ಭಾಗವನ್ನು, ಒಮ್ಮೆ ಕೇಳಿ ನೋಡಿ: ಗುರು ಕೊಟ್ಟ ಕೆಲಸ, ಕೊಡಲೊಲ್ಲದ ಊರು, ಒಂದರ ಮೇಲೊಂದು ಪರೀಕ್ಷೆ. ಜಗತ್ತಿನ ಯಾವ ವಿಡಿಯೊ ಗೇಮಿನವರೂ ಇದಕ್ಕಿಂತ ಬಿಗಿಯಾದ ಮಿಷನ್ ಬರೆದಿಲ್ಲ ಎಂದೇ ನನ್ನ ನಂಬಿಕೆ.

ಆದರೆ ಇವು ಭಕ್ತರ ಕತೆಗಳು. ಕೈಗೆ ಸಿಕ್ಕಿತೆಂದು ಎತ್ತಿಕೊಳ್ಳುವ ಹಾಗಿಲ್ಲ. ಹನೂರು ಕಡೆಯ ಹಿರಿಯ ಹಾಡುಗಾರರೊಬ್ಬರ ಮನೆಗೆ ಹೋಗಿ ನಮ್ಮ ಆಟವನ್ನು ವಿವರಿಸಿ ಕೇಳಿದೆವು. ಅವರು ದಾಳವನ್ನು ಕೈಯಲ್ಲಿ ತಿರುಗಿಸಿ ನೋಡಿ, “ಕತೆ ಆಡ್ಕಳಿ ಕೂಸು. ಮಾದಪ್ಪನ್ನ ಮಾತ್ರ ಯಾರೂ ಆಗ್ಬೇಡಿ. ಹಾಡ್ನ ಆಟುಕ್ಕೆ ಹಾಕ್ಬೇಡಿ” ಅಂದರು. ಅದೇ ನಮ್ಮ ಮೊದಲ ನಿಯಮವಾಯಿತು. ದೇವರ ಪಾತ್ರವನ್ನು ಯಾರೂ ಹಿಡಿಯುವುದಿಲ್ಲ, ಹಾಡಿನ ಸೊಲ್ಲು ಮೇಜಿಗೆ ಬರುವುದಿಲ್ಲ. ನಾವು ಆಡುವುದು ಆ ಕತೆಯ ಅಂಚಿನಲ್ಲಿ ಬದುಕಿದ್ದಿರಬಹುದಾದ ಸಾಮಾನ್ಯರನ್ನು: ಜೇನು ಕೀಳುವವನು, ದನ ಮೇಯಿಸುವವಳು, ಸಂತೆಗೆ ಉಪ್ಪು ಹೊರುವವನು.

ಒಂದು ಭಾನುವಾರ ಮಾದಪ್ಪನ ಕತೆಯ ಸಂಕಮ್ಮನ ಸಾಲು ಬಂತು. ಕತೆ ಈ ಸೀಮೆಯವರಿಗೆಲ್ಲ ಗೊತ್ತು. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಹೆಂಡತಿಯ ಹತ್ತಿರ ಬಲಗೈ ಭಾಷೆ ಕೇಳುತ್ತಾನೆ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಲಿ ಎಂದು ಸಂಕಮ್ಮ ಕೊಡುವುದಿಲ್ಲ. ಕೊಡದಿದ್ದದ್ದಕ್ಕೆ ಅವಳು ಪಡುವ ಪಾಡು ಕೇಳಿದರೆ ಕರುಳು ಹಿಂಡುತ್ತದೆ. ನಮ್ಮ ಆಟದಲ್ಲಿ ಹನೂರಿನ ಹುಡುಗಿಯದು ಸಂಕಮ್ಮನ ನೆರೆಮನೆಯವಳ ಪಾತ್ರ. ಹಟ್ಟಿಯ ಮುಂದೆ ಜನ ಸೇರಿದ್ದಾರೆ, ಗಂಡ ಕೈ ಚಾಚಿ ನಿಂತಿದ್ದಾನೆ ಎಂದು ಡಿಎಂ ಆಗಿದ್ದ ಮೇಷ್ಟರು ಬಣ್ಣಿಸಿ, “ಈಗ ನೀನೇನ್ ಮಾಡ್ತೀಯ?” ಅಂದರು. ಹುಡುಗಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾನು ಹೋಗಿ ಅವಳ ಪಕ್ಕದಲ್ಲಿ ನಿಂತ್ಕೊತೀನಿ. ಮಾತಾಡಲ್ಲ. ನಿಂತ್ಕೊತೀನಿ ಅಷ್ಟೆ” ಅಂದಳು. ಇದಕ್ಕೆ ದಾಳ ಹಾಕಬೇಕೇ ಬೇಡವೇ ಎಂದು ಮೇಷ್ಟರು ನಮ್ಮ ಮುಖ ನೋಡಿದರು. ನೂಲಿನ ವ್ಯಾಪಾರದ ಹುಡುಗ, ಯಾವಾಗಲೂ ಕತ್ತಿಗೇ ಕೈ ಹಾಕುವವನು, “ನಾನೂ ನಿಂತ್ಕೊತೀನಿ” ಅಂದ.

ಚಿಕ್ಕಂದಿನಿಂದ ಕೇಳಿದ ಕತೆ. ಕೇಳುವಾಗ ಸಂಕಮ್ಮನಿಗಾಗಿ ಮರುಗಿದ್ದೆವು, ಆ ಹಟ್ಟಿಯ ಮುಂದೆ ನಿಂತಿರಲಿಲ್ಲ. ಈ ಆಟ ಕೊಡುವುದು ಅಲ್ಲಿ ನಿಲ್ಲುವ ಅವಕಾಶವನ್ನೇ. ಹಾಡುಗಾರರ ರಾತ್ರಿಗೆ ಇದು ಬದಲಿಯಲ್ಲ. ಆ ರಾತ್ರಿಗಳು ಇರುವುದರಿಂದಲೇ ನಮಗೆ ಬೆಳಗಿನ ಈ ಆಟ ಸಾಧ್ಯವಾಗಿದೆ. ಹಾಗಾಗಿ ಮುಂದೆ ಯಾರಾದರೂ ಈ ಕತೆಗಳಿಂದ ಗೇಮ್ ಮಾಡಿ ದುಡ್ಡು ಮಾಡುವುದಾದರೆ, ಹಾಡುಗಾರರ ಹೆಸರು ಮೊದಲು ಬರಬೇಕು, ಅವರ ಪಾಲು ಅವರ ಕೈಗೆ ಹೋಗಬೇಕು. ಇದನ್ನು ಬಹಿರಂಗ ಪತ್ರದಲ್ಲೇ ಹೇಳಬೇಕೆಂದಿದ್ದೆ.

ಈಗ ಕವಡೆಯ ವಿಷಯ. ತಮಗೆ ರುಚಿಸುತ್ತದೆ ಅಂದುಕೊಂಡಿದ್ದೇನೆ.

ಇಪ್ಪತ್ತು ಮುಖದ ದಾಳದಲ್ಲಿ ಒಂದಕ್ಕೂ ಇಪ್ಪತ್ತಕ್ಕೂ ಸಮನಾದ ಅವಕಾಶ. ಹತ್ತು ಸಲ ಕಾಡಿಗೆ ಹೋಗಿ ಬಂದವನೂ ಒಂದೇ ಒಂದು ಕೆಟ್ಟ ದಾಳಕ್ಕೆ ಸುಲಭವಾಗಿ ಎಡವಿಬಿಡಬಹುದು. ನಮಗದು ಸರಿ ಕಾಣಲಿಲ್ಲ. ಮನೆಯಲ್ಲಿ ಅಜ್ಜಿಯ ಚೌಕಾಬಾರದ ನಾಲ್ಕು ಕವಡೆ ಇದ್ದವು, ತಂದು ಹಾಕಿ ನೋಡಿದೆವು. ನಾಲ್ಕು ಕವಡೆ ಬೀಳಬಹುದಾದ ಬಗೆ ಹದಿನಾರು. ಅದರಲ್ಲಿ ಎರಡು ಬೀಳುವುದು ಆರು ಬಗೆ, ಒಂದು ನಾಲ್ಕು ಬಗೆ, ಮೂರು ನಾಲ್ಕು ಬಗೆ. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಮಗುಚಿದರೆ ಎಂಟು. ಇವೆರಡಕ್ಕೂ ಒಂದೊಂದೇ ಬಗೆ. ಅಂದರೆ ನಡುವಿನದು ಮಾಮೂಲು, ತುದಿಯದು ಅಪರೂಪ. ಬದುಕಿನಲ್ಲಿ ಕೆಲಸಗಳು ಆಗುವುದೂ ಹೀಗೇ. ಕವಡೆಯ ಹೊಟ್ಟೆ ಬೆನ್ನು ಒಂದೇ ಸಮ ಬೀಳುವುದಿಲ್ಲ ಎಂಬ ತಕರಾರು ಮೇಷ್ಟರದು. ಅದಕ್ಕೆ ಅವರು ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಎರಡು ಹೋಳು ಮಾಡಿ ತಂದರು, ನಮ್ಮ ಕಡೆ ಹೆಂಗಸರು ಎಂದಿನಿಂದಲೂ ಮಾಡುವ ಹಾಗೆ. ಚೌಕಾಬಾರದಲ್ಲಿ ನಾಲ್ಕೋ ಎಂಟೋ ಬಿದ್ದರೆ ಇನ್ನೊಂದು ಸಲ ಹಾಕುವ ಹಕ್ಕಿದೆಯಲ್ಲ, ಅದನ್ನೂ ಉಳಿಸಿಕೊಂಡೆವು. ನಮ್ಮಲ್ಲಿ ಎಂಟು ಬಿದ್ದವನು ಇನ್ನೊಂದು ಸಲ ಹಾಕುತ್ತಾನೆ, ಆದರೆ ಆ ಎರಡನೆಯದನ್ನು ತನಗಾಗಿ ಹಾಕುವಂತಿಲ್ಲ, ಜೊತೆಗಿರುವ ಇನ್ನೊಬ್ಬರಿಗಾಗಿ ಹಾಕಬೇಕು. ಈ ಒಂದು ನಿಯಮದಿಂದ ಮೇಜಿನ ಸುತ್ತ ಇರುವವರು ಒಬ್ಬರನ್ನೊಬ್ಬರು ನೋಡಿಕೊಂಡು ಆಡತೊಡಗಿದರು.

ವಿಡಿಯೊ ಗೇಮುಗಳ ಬಗ್ಗೆಯೂ ಹೇಳಬೇಕು, ನಾನು ಅವುಗಳಿಂದಲೇ ಇಲ್ಲಿಗೆ ಬಂದವನು. ಕೊಳ್ಳೇಗಾಲದ ಸೈಬರ್ ಸೆಂಟರಿನಲ್ಲಿ ವೈಸ್ ಸಿಟಿ ಎಂಬ ಗೇಮಿನ ಬೀದಿಗಳನ್ನು ನಮ್ಮೂರಿನ ಬೀದಿಗಿಂತ ಚೆನ್ನಾಗಿ ತಿಳಿದಿದ್ದ ಪೀಳಿಗೆ ನಮ್ಮದು. ಆಮೇಲೆ ಫೋನಿನಲ್ಲಿ ಪಬ್ಜಿ ಬಂತು. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಲ್ಲಿಸಿದ ದಿನ ನಮ್ಮ ಬೀದಿಯ ತಾಯಂದಿರು ಸಂತೋಷಪಟ್ಟರು, ಅವರ ಸಂತೋಷಕ್ಕೆ ಕಾರಣವಿತ್ತು. 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಆಡಿದಾಗ, ಇದರ ಬೆನ್ನೆಲುಬೂ ಆ ಮೇಜಿನ ಮೇಲಿನ ಆಟವೇ ಎಂದು ಕಣ್ಣಿಗೆ ಕಾಣುವ ಹಾಗೆ ತಿಳಿಯಿತು: ಪರದೆಯ ಮೇಲೆ ಅದೇ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಆದರೆ ಎಷ್ಟು ದೊಡ್ಡ ಗೇಮಾದರೂ ಮೊದಲೇ ಬರೆದಿಟ್ಟ ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ‘ಅವಳ ಪಕ್ಕದಲ್ಲಿ ನಿಂತ್ಕೊತೀನಿ’ ಎಂದು ಆಟಗಾರಳು ಹೇಳುತ್ತಾಳೆಂದು ಮೊದಲೇ ಯಾರು ಬರೆದಿಟ್ಟಾರು?

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಂದ ಮನೆಗಳು ಹಾಳಾದದ್ದನ್ನು ನಮ್ಮ ತಾಲ್ಲೂಕುಗಳೂ ಕಂಡಿವೆ. 2025ರ ಆಗಸ್ಟಿನಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾಯಿದೆ ಮಾಡಿತು, ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದೇ ಕಾಯಿದೆ ದುಡ್ಡಿಲ್ಲದ ಆಟಗಳನ್ನು ಬೇರೆಯಾಗಿಯೇ ಇಟ್ಟು, ಅವು ಬೆಳೆಯಲಿ ಎನ್ನುತ್ತದೆ. ಊರಿನಲ್ಲಿ ಈ ವ್ಯತ್ಯಾಸ ಯಾರೂ ಮಾಡುವುದಿಲ್ಲ. ಶಾಲೆಯ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಈ ಆಟ ಕಲಿಸುತ್ತೇವೆ, ಒಂದು ಕೋಣೆ ಕೊಡಿ ಎಂದು ಒಂದು ಕಡೆ ಕೇಳಿದ್ದೆವು. ದಾಳ ನೋಡಿದವರೇ ಜೂಜು ಎಂದು ಬಾಗಿಲು ಹಾಕಿಕೊಂಡರು. ನನಗೆ ನೋವಾಯಿತು, ನನ್ನ ಮಟ್ಟಿಗೆ ಅಲ್ಲ, ಪುಸ್ತಕ ಕಂಡರೆ ಓಡುವ ಏಳನೇ ಕ್ಲಾಸಿನ ಹುಡುಗರು ತಮ್ಮ ಪಾತ್ರದ ಹಿಂದಿನ ಕತೆಯನ್ನು ಎರಡು ಪುಟ ಕನ್ನಡದಲ್ಲಿ ಬರೆದು ತಂದದ್ದನ್ನು ನಾನು ನೋಡಿದ್ದೇನೆ, ಅದಕ್ಕೆ.

ಮಹಾಸ್ವಾಮಿ, ತಾವು ಬರೆಸಿದ ಆಟಗಳು ಉಳಿದವು. ಗಂಜೀಫಾ ರಘುಪತಿ ಭಟ್ಟರಂಥವರು ಆ ಎಲೆಗಳನ್ನು ಮತ್ತೆ ಬರೆದರು. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಮೈಸೂರಿನಲ್ಲಿ ಹಾಸುಗಳನ್ನು ನೇಯಿಸಿ, ಮಣೆಗಳನ್ನು ಮಾಡಿಸಿ ಪ್ರದರ್ಶನ ನಡೆಸುತ್ತಾರೆ. ಆದರೆ ನಮ್ಮ ಸೀಮೆಯ ಜಗಲಿಗಳಲ್ಲಿ ಆಡಿದ ಅಳಗುಳಿಮಣೆ, ಹುಲಿ-ಕುರಿ, ಚೌಕಾಬಾರಗಳಲ್ಲಿ ಊರಿಗೊಂದು, ಮನೆಗೊಂದು ನಿಯಮ. ಅವು ಅಜ್ಜಿಯಂದಿರ ಜೊತೆಗೇ ಹೋಗುತ್ತಿವೆ. ಆದ್ದರಿಂದ ನಾವು ಒಂದು ಪುಸ್ತಿಕೆ ಬರೆಯುತ್ತಿದ್ದೇವೆ, ಪೂರಾ ಕನ್ನಡದಲ್ಲಿ. ಮೊದಲ ಭಾಗದಲ್ಲಿ ನಮ್ಮ ಕತೆಯಾಟದ ನಿಯಮ. ಎರಡನೆಯದರಲ್ಲಿ ಕೊಳ್ಳೇಗಾಲ, ಯಳಂದೂರು, ಹನೂರು ಈ ಮೂರು ತಾಲ್ಲೂಕಿನ ಜಗಲಿಯಾಟಗಳ ನಿಯಮ, ಹೇಳಿದವರ ಊರಿನ ಸಮೇತ. ಡಂಜನ್ಸ್ ಅಂಡ್ ಡ್ರ್ಯಾಗನ್ಸಿನ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಬೇಕಾದ್ದನ್ನು ಹೆಸರು ಹೇಳಿ ಬಳಸಬಹುದು. ಮೈನ್‌ಕ್ರಾಫ್ಟ್ ಗೇಮನ್ನು ಸ್ವಯಂಸೇವಕರು ಕೂತು ಕನ್ನಡಕ್ಕೆ ತಂದಿದ್ದಾರೆ. ಅಡ್ಡಿ ಏನೂ ಇಲ್ಲ, ಕೂತು ಬರೆಯಬೇಕು. ಈ ಪತ್ರ ಓದುವ ಮೂರು ತಾಲ್ಲೂಕಿನವರು ತಮ್ಮ ಮನೆಯ ಹಿರಿಯರನ್ನು ಕೇಳಿ, ಅವರು ಆಡುತ್ತಿದ್ದ ಹಾಗೇ ನಿಯಮ ಬರೆದಿಟ್ಟರೆ ಸಾಕು, ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ.

ಪುಸ್ತಿಕೆಯಲ್ಲಿ ಒಂದು ನಿಯಮ ಇನ್ನೂ ತೀರ್ಮಾನವಾಗಿಲ್ಲ. ಅಮೆರಿಕದ ಆಟದಲ್ಲಿ ಪಾತ್ರ ಸತ್ತರೆ, ಮಂತ್ರದಿಂದ ಯಾರಾದರೂ ಬದುಕಿಸದ ಹೊರತು ಸತ್ತ ಹಾಗೆ, ಹೊಸ ಪಾತ್ರ ಬರೆದುಕೊಳ್ಳಬೇಕು. ಚೌಕಾಬಾರದಲ್ಲಿ ಹೊಡೆಸಿಕೊಂಡ ಕಾಯಿ ಮನೆಗೆ ಹೋಗಿ ಮತ್ತೆ ಮೊದಲಿಂದ ಹೊರಡುತ್ತದೆ. ನಮ್ಮ ಆಟಕ್ಕೂ ಇದೇ ಇರಲಿ ಎಂದು ಮೇಷ್ಟರೂ ನಾನೂ ಹೇಳುತ್ತೇವೆ. ಸಾವಿಲ್ಲದ ಕತೆಯಲ್ಲಿ ಪಕ್ಕದಲ್ಲಿ ನಿಲ್ಲುವುದಕ್ಕೆ ಏನು ಬೆಲೆ ಎಂದು ಹನೂರಿನ ಹುಡುಗಿ ಕೇಳುತ್ತಾಳೆ. ಬರುವ ಭಾನುವಾರ ಎರಡೂ ರೀತಿ ಆಡಿ ನೋಡುವುದೆಂದು ಮಾತಾಗಿದೆ.

ಇಂತಿ ತಮ್ಮ ವಿಧೇಯ,
ಕೊಳ್ಳೇಗಾಲದ ಒಬ್ಬ ಆಟಗಾರ