ಕುಣಿಯದಿದ್ದರೆ ಕೆಲಸವಿಲ್ಲ

ಅಲ್ಲ ಮಾರಾಯ್ರೆ, ನಿನ್ನೆ ಮೊಬೈಲಿನಲ್ಲಿ ನೋಡಿ ನೋಡಿ ನಗ್ತಾ ಇದ್ರಲ್ಲ, ಆ ಕಪ್ಪು-ಬಿಳುಪು ಮಿಕ್ಕಿ ಮೌಸು, ಅದರಲ್ಲಿ ಕತೆ ಏನಿತ್ತು ಹೇಳಿ ನೋಡುವ! ಇಲಿ ದೋಣಿ ನಡೆಸ್ತದೆ, ಯಜಮಾನನ ಕೈಲಿ ಬೈಸಿಕೊಳ್ತದೆ, ಸಿಕ್ಕಿದ್ದನ್ನೆಲ್ಲ ಬಾರಿಸ್ತದೆ, ಕೊನೆಗೆ ಆಲೂಗಡ್ಡೆ ಸುಲೀತ ಕೂರ್ತದೆ. ಆಯ್ತಲ್ಲ? ಆದರೂ ಆ ಏಳೆಂಟು ನಿಮಿಷ ಕಣ್ಣು ಕೀಳಲಿಕ್ಕೆ ಆಗಲ್ಲ.

‘ಸ್ಟೀಮ್‌ಬೋಟ್ ವಿಲ್ಲಿ’ ಅನ್ನುವ ಆ ಚಿತ್ರ ನ್ಯೂಯಾರ್ಕಿನ ಕಾಲೊನಿ ಥಿಯೇಟರಿಗೆ ಬಂದದ್ದು 1928ರ ನವೆಂಬರ್ 18ಕ್ಕೆ. ಶಬ್ದ ಬಂದ ಮೊದಲ ಕಾರ್ಟೂನು ಅದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಫ್ಲೈಷರ್ ಸಹೋದರರು ಅದಕ್ಕೂ ಕೆಲವು ವರ್ಷ ಮೊದಲೇ ಹಾಡಿನ ಚಿತ್ರ ಮಾಡಿದ್ದರು. ಡಿಸ್ನಿಯವರ ಜಾಣತನ ಬೇರೆ ಕಡೆ ಇತ್ತು. ಚಿತ್ರ ಬರೆಯೋ ಮೊದಲೇ ತಾಳ ಗೊತ್ತು ಮಾಡಿಕೊಂಡರು. ವಿಲ್‌ಫ್ರೆಡ್ ಜಾಕ್ಸನ್ ಅನ್ನುವ ಹುಡುಗ ತಾಳ ಹೇಳುವ ಮೆಟ್ರೋನೋಮ್ ಇಟ್ಟುಕೊಂಡು ಲೆಕ್ಕ ಹಾಕಿದ. ಸೆಕೆಂಡಿಗೆ 24 ಫ್ರೇಮ್ ಓಡ್ತದಲ್ಲ, ಸೆಕೆಂಡಿಗೆ ಎರಡು ಪೆಟ್ಟು ಬೇಕಾದರೆ 12 ಫ್ರೇಮಿಗೊಂದು ಹೆಜ್ಜೆ. ಹಾಗಾಗಿ ದೋಣಿಯ ಹೊಗೆಕೊಳವೆಯೂ ತಾಳ ತಪ್ಪಲ್ಲ.

ಆದರೆ ಆ ತಾಳವೇ ಆಮೇಲೆ ಕೊರಳಿಗೆ ಸುತ್ತಿಕೊಂಡಿತು. 1929ರ ‘ದಿ ಸ್ಕೆಲಿಟನ್ ಡಾನ್ಸ್’ ನೋಡಿ: ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನೆಲುಬನ್ನೇ ವಾದ್ಯ ಮಾಡಿಕೊಂಡು ಬಾರಿಸ್ತದೆ. ಆಹಾ, ಎಂಥ ಕಲ್ಪನೆ! ಮೂರು ನಿಮಿಷ ಕಳೆಯುವಷ್ಟರಲ್ಲಿ ಅದೇ ಕುಣಿತ ಮತ್ತೆ ತಿರುಗಿ ಬರ್ತದೆ. ಒಮ್ಮೆ ಬರೆದ ಹಾಳೆಗಳನ್ನೇ ಮತ್ತೆ ಮತ್ತೆ ಓಡಿಸೋದು, ಖರ್ಚು ಉಳೀಬೇಕಲ್ಲ. ಆ ಕಾಲದ ಬೇರೆ ಪಾತ್ರಗಳ ಕೈಕಾಲಿಗೋ ಮೂಳೆಯೇ ಇಲ್ಲ, ರಬ್ಬರ್ ಪೈಪು. ಬರೆಯೋದು ಸುಲಭ, ಬೇಕಾದ ಕಡೆ ಬಾಗ್ತದೆ.

ಇನ್ನು ಕ್ರೌರ್ಯ. ವಿಲ್ಲಿಯಲ್ಲಿ ಮಿಕ್ಕಿ ಬೆಕ್ಕಿನ ಬಾಲ ಹಿಡಿದು ಗಿರ್ರನೆ ತಿರುಗಿಸ್ತಾನೆ, ಹಂದಿಮರಿಗಳ ಬಾಲ ಎಳೆದು ಸ್ವರ ಹೊರಡಿಸ್ತಾನೆ. ಅದನ್ನಾದರೂ ನಕ್ಕು ಬಿಡಬಹುದು. ಹಾರ್ಮನ್-ಐಸಿಂಗ್ ಜೋಡಿಯ ಬಾಸ್ಕೊ ಇದ್ದಾನಲ್ಲ, ಕರಿಯರನ್ನು ಅಣಕಿಸುವ ವೇದಿಕೆಯ ವೇಷವನ್ನೇ ಎತ್ತಿ ಕಾರ್ಟೂನಿಗೆ ತಂದದ್ದು. ಅಲ್ಲಿ ನನಗೆ ನಗು ಬರಲ್ಲ. ಆ ಕಾಲವೇ ಹಾಗಿತ್ತು ಅನ್ನುವವರಿಗೆ ನನ್ನದೊಂದು ಪ್ರಶ್ನೆ: ಅಣಕಿಸಿಕೊಂಡವರಿಗೂ ಅದು ಹಾಗೇ ಕಂಡಿತ್ತಾ?

ಇಷ್ಟೆಲ್ಲ ಅಂದರೂ ನಾನು ಫ್ಲೈಷರ್ ಪಕ್ಷ. 1932ರ ‘ಮಿನ್ನಿ ದಿ ಮೂಚರ್’ನಲ್ಲಿ ಬೆಟ್ಟಿ ಬೂಪ್ ಊಟ ಬೇಡ ಅಂತಾಳೆ. ಅಪ್ಪ ಬೈತಾ ಬೈತಾ ಅವನ ತಲೆಯೇ ಗ್ರಾಮಫೋನ್ ಆಗ್ತದೆ, ಅಮ್ಮ ಎದ್ದು ಪ್ಲೇಟು ಬದಲಿಸ್ತಾಳೆ! ಮುನಿಸಿಕೊಂಡು ಮನೆ ಬಿಟ್ಟವಳಿಗೆ ಗುಹೆಯಲ್ಲಿ ವಾಲ್ರಸ್ ಭೂತ ಎದುರಾಗ್ತದೆ. ಹಾಡೋದು ಜಾಝ್ ಗಾಯಕ ಕ್ಯಾಬ್ ಕ್ಯಾಲೋವೇ. ಅವನ ಕುಣಿತವನ್ನು ಫಿಲ್ಮಿನಲ್ಲಿ ಹಿಡಿದು, ಫ್ರೇಮು ಫ್ರೇಮಿನ ಮೇಲೂ ಗೆರೆ ಎಳೆದು ಆ ಭೂತ ಮಾಡಿದ್ದಾರೆ. ಆ ಜಾರುನಡಿಗೆ ಸುಮ್ಮನೆ ಕೂತು ಊಹಿಸಿ ಬರೆಯೋಕಾಗಲ್ಲ ಬಿಡಿ. ಕತೆ? ಹೆದರಿ ಮನೆಗೆ ಓಡಿ ಬರ್ತಾಳೆ, ಅಷ್ಟೆ.

1934ರಲ್ಲಿ ಹಾಲಿವುಡ್ಡು ನೀತಿಸಂಹಿತೆಯನ್ನು ಬಿಗಿ ಮಾಡಿತು. ಬೆಟ್ಟಿಯ ಲಂಗ ಉದ್ದ ಆಯ್ತು, ಅವಳು ಗೃಹಿಣಿಯ ಥರ ಆದಳು, ಚಿತ್ರ ಸಪ್ಪೆಯಾಯ್ತು. ಅಷ್ಟು ಹೊತ್ತಿಗೆ ಡಿಸ್ನಿಯವರಿಗೆ ಬಣ್ಣ ಬಂದಿತ್ತು, 1933ರ ‘ತ್ರೀ ಲಿಟಲ್ ಪಿಗ್ಸ್’ನಲ್ಲಿ ಹಂದಿಗಳಿಗೆ ಬೇರೆ ಬೇರೆ ಸ್ವಭಾವವೂ ಬಂದಿತ್ತು. ಒಂದೇ ಥರ ಕಾಣೋ ಹಂದಿಗಳಲ್ಲಿ ಸೋಮಾರಿ ಯಾರು, ಜಾಣ ಯಾರು ಅಂತ ನಡಿಗೆಯಲ್ಲೇ ಗೊತ್ತಾಗ್ತದೆ. ದೊಡ್ಡ ವಿದ್ಯೆ, ಇಲ್ಲ ಅನ್ನಲ್ಲ. ಆದರೆ ಆ ಇಟ್ಟಿಗೆ ಮನೆ ನೋಡಿ, ಸುಮ್ಮನೆ ನಿಂತಿರ್ತದೆ. ಬೆಟ್ಟಿಯ ಊರಲ್ಲಾಗಿದ್ದರೆ ಆ ಮನೆಯೇ ಎದ್ದು ಬಂದು ತೋಳನ ಕೈಹಿಡಿದು ನಾಲ್ಕು ಹೆಜ್ಜೆ ಹಾಕ್ತಿತ್ತು ಮಾರಾಯ್ರೆ!