ಆನೆಗೆ ಸೊಂಡಿಲು ಉದ್ದ

ತಿರುಮಕೂಡಲು ನರಸೀಪುರದಲ್ಲಿರುವ ನನ್ನ ಅಕ್ಕನ ಮಗ ಜಪಾನೀ ಕಲಿಯುತ್ತಿದ್ದಾನೆ. ಡಿಸೆಂಬರಿನ ಮೊದಲ ಭಾನುವಾರ ಬೆಂಗಳೂರಿನಲ್ಲಿ ಅವನಿಗೆ ಎನ್-5 ಪರೀಕ್ಷೆ; ಐದು ಮೆಟ್ಟಿಲಲ್ಲಿ ಅದೇ ತೀರಾ ಕೆಳಗಿನದು. ಅಕ್ಷರಗಳನ್ನು ಹೇಗೋ ದಾಟಿದ. ಪಾರ್ಟಿಕಲ್ ಎಂಬ ಗಂಡಾಂತರ ಎದುರಾದ ಮೇಲೆ ಪುಸ್ತಕ ಸಮೇತ ನಂಜನಗೂಡಿಗೆ ಬಂದಿಳಿದ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಅವನು ನಂಬಿ ಬಂದದ್ದು ಮಾತ್ರ ನಮ್ಮ ಮನೆಯ ವೈಫೈಯನ್ನು.

“ವಾ, ಗಾ, ಒ, ನಿ, ದೆ ಅಂತ ಏನೇನೋ ಅವೆ ಮಾವ. ಎಲ್ಲಾ ಪದದ ಹಿಂದ್ಗಡೆ ಅಂಟ್ಕೋತವೆ. ಇಂಗ್ಲಿಷಲ್ಲಿ ಇಂಥವು ಇಲ್ವೇ ಇಲ್ಲ.”

“ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ” ಎಂದೆ.

ಮಿಕಮಿಕ ನೋಡಿದ. ಶಾಲೆಯಲ್ಲಿ ಇದನ್ನು ಗಟ್ಟಿಯಾಗಿ ಒಪ್ಪಿಸಿ ಅಂಕ ಗಿಟ್ಟಿಸಿದವನೇ. ಇಂಗ್ಲಿಷ್ ಪುಸ್ತಕ ಕೈಗೆ ಬಂದೊಡನೆ ನಮ್ಮ ಹುಡುಗರು ಗೆ, ಅಲ್ಲಿಗಳನ್ನೆಲ್ಲ ಅಟ್ಟಕ್ಕೆ ಹಾಕಿ, ತಾವೂ ಲಂಡನ್ನಿನಲ್ಲೇ ಹುಟ್ಟಿದವರಂತೆ ಬೆರಗಾಗುತ್ತಾರೆ.

ವಸ್ತು ಇರುವ ಜಾಗಕ್ಕೆ ‘ನಿ’, ಕೆಲಸ ನಡೆಯುವ ಜಾಗಕ್ಕೆ ‘ದೆ’. ನಮಗೆ ಎರಡಕ್ಕೂ ‘ಅಲ್ಲಿ’ಯೇ ಸಾಕು. “ಕಪಿಲೆಯಲ್ಲಿ ಸುಮ್ನೆ ಇದ್ರೆ ನಿ, ಕೈಕಾಲು ಬಡಿದ್ರೆ ದೆ” ಎಂದು ಸೂತ್ರ ಕಟ್ಟಿಕೊಟ್ಟೆ. ಬಸ್ಸಲ್ಲಿ ಬಂದೆ, ಕನ್ನಡದಲ್ಲಿ ಹೇಳು ಎನ್ನುವ ಕಡೆಯೂ ಅವರು ಅದೇ ‘ದೆ’ ಹಚ್ಚುತ್ತಾರೆ. ಇನ್ನು ‘ಹ’ ಬರೆದು ‘ವಾ’ ಓದಬೇಕು, ‘ಹೆ’ ಬರೆದು ‘ಎ’ ಓದಬೇಕು ಎಂಬುದು ಅವನ ದೃಷ್ಟಿಯಲ್ಲಿ ಮಹಾ ಅನ್ಯಾಯ. ಹಾಲನ್ನು ಆಲು ಎಂದು, ಹೋಗುವುದನ್ನು ಓಗುವುದು ಎಂದು ಹೇಳುವ ಸೀಮೆಯಲ್ಲಿ ಬೆಳೆದವನಿಗೆ ಈ ಸಂಕಟ!

ವಾ ಮತ್ತು ಗಾಗಳ ವ್ಯಾಜ್ಯ ಮಾತ್ರ ಸುಲಭಕ್ಕೆ ಬಗೆಹರಿಯುವಂಥದ್ದಲ್ಲ. ‘ವಾತಾಶಿ ವಾ’ ಅಂದರೆ ಹೆಚ್ಚು ಕಡಿಮೆ ‘ನಾನಂತೂ’. ‘ವಾತಾಶಿ ಗಾ’ ಅಂದರೆ ‘ನಾನೇ’. ಮಿಕಾಮಿ ಅಕಿರ ಎಂಬ ಗಣಿತದ ಮೇಷ್ಟರು 1960ರಲ್ಲಿ ಈ ವಿಷಯಕ್ಕೇ ಒಂದು ಪುಸ್ತಕ ಬರೆದರು. ಅದರ ಹೆಸರು ‘ಜೋ ವಾ ಹಾನಾ ಗಾ ನಾಗಾಯ್’, ಅಂದರೆ ಆನೆಗೆ ಸೊಂಡಿಲು ಉದ್ದ. ಈ ವಾಕ್ಯದಲ್ಲಿ ಕರ್ತೃ ಆನೆಯೋ ಸೊಂಡಿಲೋ? ಪಾಶ್ಚಾತ್ಯ ವ್ಯಾಕರಣದ ಅಳತೆಗೆ ಜಪಾನೀಯನ್ನು ಕತ್ತರಿಸಬೇಡಿ ಎಂಬುದು ಅವರ ವಾದ. ನಮ್ಮಲ್ಲಿ ಡಿ.ಎನ್. ಶಂಕರ ಭಟ್ಟರು ಸಂಸ್ಕೃತದ ಅಳತೆಯ ಬಗ್ಗೆ ಹೇಳಿದ್ದೂ ಇಂಥದ್ದನ್ನೇ. ಏಳು ವಿಭಕ್ತಿಯ ಲೆಕ್ಕ ತುಂಬಲು ‘ದೆಸೆಯಿಂದ’ವನ್ನು ನಾನೂ ವರ್ಷಗಟ್ಟಲೆ ಪಾಠ ಮಾಡಿದ್ದೇನೆ, ನರಸೀಪುರದ ದೆಸೆಯಿಂದ ಬಸ್ಸಿಳಿದ ಒಬ್ಬ ಪ್ರಯಾಣಿಕನನ್ನೂ ಕಂಡಿಲ್ಲ.

ಆನೆಯ ವಿಷಯದಲ್ಲಿ ನಂಜನಗೂಡಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಟಿಪ್ಪುವಿನ ಪಟ್ಟದಾನೆಗೆ ಶ್ರೀಕಂಠೇಶ್ವರನ ಕೃಪೆಯಿಂದ ಕಣ್ಣು ಬಂತು, ಸುಲ್ತಾನ ದೇವರನ್ನು ಹಕೀಂ ನಂಜುಂಡ ಎಂದು ಕರೆದ ಎಂಬುದು ಇಲ್ಲಿ ಮನೆಮನೆಯ ಕಥೆ. ಆನೆಗೆ ಕಣ್ಣು ಬಂತು. ಬಂದದ್ದು ಕಣ್ಣು, ಅಷ್ಟು ದೊಡ್ಡ ಪ್ರಾಣಿ ‘ಗೆ’ ಹಚ್ಚಿಕೊಂಡು ಪಕ್ಕದಲ್ಲಿ ನಿಂತಿದೆ. ಜಪಾನಿಯಾದರೆ ಆನೆಗೆ ವಾ, ಕಣ್ಣಿಗೆ ಗಾ ಕೊಟ್ಟು ಸುಮ್ಮನಾಗುತ್ತಾನೆ.

ಹುಡುಗನಿಗೆ ಹುರುಪು ಬಂತು. ದಾರೆ ಅಂದರೆ ಯಾರು. ಅದಕ್ಕೆ ‘ಮೊ’ ಸೇರಿದರೆ ಯಾರೂ, ‘ಕಾ’ ಸೇರಿದರೆ ಯಾರೋ! “ಮಾವ, ಇವ್ರು ನಮ್ಮೋರೇ!” ಎಂದು ಕೂಗಿದ. ಓನೊ ಸುಸುಮು ಎಂಬ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟು ಕಟ್ಟಿದ್ದರು, ಬಹುಪಾಲು ಭಾಷಾವಿಜ್ಞಾನಿಗಳು ಒಪ್ಪಲಿಲ್ಲ ಎಂದೆ. ನನ್ನ ತಕರಾರು ಬೇರೆ: ತಮಿಳಿನವರ ಮನೆವರೆಗೂ ಹೋದವರು ಹೊಳೆ ದಾಟಿ ಇತ್ತ ಬರಬಾರದಿತ್ತೆ?

ಕೊನೆಗೆ ‘ಯೊರಿ’ ಬಂತು. “ಅದು ಗಿಂತ ಕಣೋ. ನಿಮ್ಮೂರಿನ ಗುಂಜಾ ನರಸಿಂಹಸ್ವಾಮೀನ ನೆನಸ್ಕೋ. ಕಾಶಿಗಿಂತ ಗುಲಗಂಜಿ ತೂಕ ಹೆಚ್ಚು ಅಂತಾರಲ್ಲ, ಆ ಗಿಂತ.”

“ಕಾಶಿ ಯೊರಿ...” ಎಂದು ಶುರುಮಾಡಿ ಪೆನ್ನು ಕಚ್ಚಿದ. “ಗುಲಗಂಜಿಗೆ ಜಪಾನೀಲಿ ಏನಂತಾರೆ ಮಾವ?”

“ಎನ್-5ಗೆ ಅದನ್ನ ಕೇಳಲ್ಲ. ಮುಂದಕ್ಕೆ ಓದು.”