ಅರ್ಧ ಫೀಯ ಪೂರ್ತಿ ಲೆಕ್ಕ

ಪುಣೆಯ ಸಣ್ಣದೊಂದು ಖಾಸಗಿ ಕಾಲೇಜು ‘ನಿಮ್ಮ ಮಗಳಿಗೆ ಅರ್ಧ ಸ್ಕಾಲರ್‌ಶಿಪ್’ ಎಂದ ಕೂಡಲೇ ಬೆಳಗಾವಿಯ ರಾಯರು ಓಣಿಗೆಲ್ಲ ಕುಂದಾ ಹಂಚುತ್ತಾರೆ. ನಾಲ್ಕು ಲಕ್ಷದಲ್ಲಿ ಅರ್ಧ ಹೋದರೆ ಕಟ್ಟಬೇಕಾದ್ದು ಎರಡು ಲಕ್ಷ. ಪಕ್ಕದ ಕಾಲೇಜಿನ ಪೂರ್ತಿ ಫೀಯೇ ಒಂದೂವರೆ ಎಂದಿಟ್ಟುಕೊಳ್ಳಿ. ‘ಅಲ್ಲಿ ಸ್ಕಾಲರ್‌ಶಿಪ್ ಎಲ್ಲೈತ್ರೀ?’ ಎಂದು ರಾಯರ ಆಕ್ಷೇಪ. ಇಲ್ಲ ರಾಯರೇ, ಅಲ್ಲಿರುವುದು ಬರೀ ಐವತ್ತು ಸಾವಿರದ ಉಳಿತಾಯ. ‘ಮಹಾರಾಷ್ಟ್ರದಾಗ ಹುಡುಗ್ಯಾರಿಗೆ ಫೀ ಮಾಫಿ ಅಂತಲ್ರೀ?’ 2024ರ ಆ ಆದೇಶ ವೃತ್ತಿಪರ ಕೋರ್ಸುಗಳಿಗೆ, ಕೆಲವು ವರ್ಗಗಳಿಗೆ, 8 ಲಕ್ಷದೊಳಗಿನ ಆದಾಯದವರಿಗೆ. ಅದಕ್ಕೂ ಮುಂಚೆ ಮಹಾರಾಷ್ಟ್ರದ ನಿವಾಸಿ ಪ್ರಮಾಣಪತ್ರ ಬೇಕು. ಗಡಿತಂಟೆ ಸ್ಕಾಲರ್‌ಶಿಪ್ಪನ್ನೂ ಬಿಟ್ಟಿಲ್ಲ.

‘ಕ್ಯಾಂಪಸ್ ಕಣ್ಣಾರೆ ನೋಡೇವ್ರೀ!’ ನೋಡಿದ್ದು ಹುಲ್ಲುಹಾಸು, ಎಸಿ ಸಭಾಂಗಣ, ಕೈಗಿಟ್ಟ ಸಮೋಸ. 1918ರಲ್ಲಿ ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಬೇಂದ್ರೆ ಯಾವ ಡ್ರೋನ್ ವಿಡಿಯೋ ನೋಡಿ ಸೇರಿದ್ದರೋ! ಹಾಗೆಂದು ಭೇಟಿ ದಂಡವೆಂದಲ್ಲ. ಹೇಳದೆ ಕೇಳದೆ ಮಂಗಳವಾರ ಹೋಗಬೇಕು. ಲೈಬ್ರರಿ ಪುಸ್ತಕದ ಹಿಂದಿನ ಚೀಟಿಯಲ್ಲಿ ಕೊನೆಯ ಮೊಹರು ಯಾವ ವರ್ಷದ್ದೆಂದು ನೋಡಬೇಕು. ಮೊದಲ ವರ್ಷದ ರಿಯಾಯಿತಿ ಎರಡನೇ ವರ್ಷಕ್ಕೆ ಎಷ್ಟು ಅಂಕ ಕೇಳಿತೆಂದು ಹುಡುಗರನ್ನೇ ವಿಚಾರಿಸಬೇಕು. ‘ಗೇಟಿನಾಗ ಬಿಡದಿದ್ರ?’ ಎದುರಿನ ‘ಅಮೃತತುಲ್ಯ’ ಚಹಾದಂಗಡಿಯಲ್ಲಿ ಕಟಿಂಗ್ ಚಹಾ ಹೇಳಿ ಕೂತುಬಿಡಿ, ರಾಯರೇ. ಎರಡನೇ ವರ್ಷದವರು ಕ್ಲಾಸಿಗಿಂತ ಅಲ್ಲೇ ಹೆಚ್ಚು ಸಿಗುತ್ತಾರೆ.